ಕತ್ತಲೆಯಲ್ಲಿ ಕಲ್ಲುಸಕ್ಕರೆ ಒಡೆದಾಗ ಬಂದ ನೀಲಿ ಬೆಳಕು ಎಲ್ಲಿಯದು?

ಗದ್ದೆಬಯಲು ಮೇಷ್ಟ್ರು, ಮಂಡ್ಯ
ಶನಿವಾರ ಸಂಜೆ 6:10

ಎಲ್ಲರಿಗೂ ನಮಸ್ಕಾರ. ಮಂಡ್ಯ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಈ ವಾರ ಮಕ್ಕಳ ಜೊತೆ ಒಂದು ಪ್ರಯೋಗ ಮಾಡಿದೆ. ಅದರಲ್ಲಿ ಒಂದು ವಿಷಯ ನನಗೇ ಬಗೆಹರಿಯಲಿಲ್ಲ.

ನಮ್ಮದು ಸಕ್ಕರೆ ನಾಡು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಸಕ್ಕರೆಯಿಂದ ಬೆಳಕು ಬರುತ್ತದೆ ಅಂದರೆ ನಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳು ನಂಬಲಿಲ್ಲ. ಸರಿ, ನೋಡೇಬಿಡೋಣ ಅಂತ ಸ್ಟೋರ್ ರೂಮಿನ ಕಿಟಕಿಗೆ ಗೋಣಿಚೀಲ ಕಟ್ಟಿದೆವು. ಬಾಗಿಲ ಸಂದಿಗೆ ಬಟ್ಟೆ ತುರುಕಿದೆವು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ ಅಂತ ಹತ್ತು ನಿಮಿಷ ಸುಮ್ನೆ ಕೂತೆವು. ಆಮೇಲೆ ಕಲ್ಲುಸಕ್ಕರೆಯ ತುಂಡೊಂದನ್ನು ಇಕ್ಕಳದಲ್ಲಿ ಹಿಡಿದು ಅದುಮಿದೆ. ಪಟ್ ಅಂತ ಒಡೆಯುವಾಗ ಮಸುಕಾಗಿ ಒಂದು ಮಿಣುಕು. ಅರ್ಧ ಮಕ್ಕಳು ಕಂಡಿತು ಅಂದರು. ಇನ್ನರ್ಧ ಏನೂ ಕಾಣಲಿಲ್ಲ ಸಾರ್ ಅಂದರು.

ಊಟಿಗೆ ಹೋದಾಗ ತಂದಿದ್ದ ವಿಂಟರ್‌ಗ್ರೀನ್ ಎಣ್ಣೆ ಮನೆಯಲ್ಲಿ ಇತ್ತು. ಮಂಡಿನೋವಿಗೆ ಅಮ್ಮ ಹಚ್ಚಿಕೊಳ್ಳುತ್ತಾರೆ. ಎಲ್ಲೋ ಓದಿದ್ದ ನೆನಪಿನ ಮೇಲೆ ಎರಡು ಹನಿ ಎಣ್ಣೆಯನ್ನು ಕಲ್ಲುಸಕ್ಕರೆ ಪುಡಿ ಮತ್ತು ಚೂರುಗಳಿಗೆ ಕಲಸಿ ಒಂದು ರಾತ್ರಿ ಆರಲು ಬಿಟ್ಟೆ. ಮಾರನೇ ದಿನ ದಪ್ಪ ಗಾಜಿನ ಎರಡು ತುಂಡುಗಳ ನಡುವೆ ಅದನ್ನು ಇಟ್ಟು ಅರೆದೆ. ಈ ಸಲ ಬೆಳಕು ಚೆನ್ನಾಗಿಯೇ ಕಂಡಿತು. ಆಕಾಶನೀಲಿ ಬಣ್ಣ. ಹಿಂದಿನ ಬೆಂಚಿನ ಹುಡುಗರೂ "ಓ" ಅಂದರು.

ಇಲ್ಲಿಯವರೆಗೂ ಸರಿ. ಎಣ್ಣೆಯಲ್ಲೇ ಹೊಳೆಯುವ ಗುಣ ಇದೆ ಅಂದುಕೊಂಡು, ನೋಟು ನೋಡಲು ಅಂಗಡಿಯವರು ಇಟ್ಟುಕೊಳ್ಳುತ್ತಾರಲ್ಲ, ಆ ಯುವಿ ಟಾರ್ಚನ್ನು ಎಣ್ಣೆಯ ಸೀಸೆಗೆ ಹಿಡಿದೆ. ಏನೂ ಇಲ್ಲ. ಪಕ್ಕದಲ್ಲಿ ಐನೂರರ ನೋಟಿನ ನಂಬರ್ ಮಾತ್ರ ಫಳಫಳ ಹೊಳೆಯುತ್ತಿತ್ತು. ಸೀಸೆಯಿಂದ ಬಿಳಿ ಪಿಂಗಾಣಿ ತಟ್ಟೆಗೆ ಸುರಿದು ನೋಡಿದೆ. ಆಗಲೂ ಇಲ್ಲ.

ಸಕ್ಕರೆ ಜೊತೆ ಇದ್ದಾಗ ಹೊಳೆಯುವ ಎಣ್ಣೆ ಟಾರ್ಚಿಗೆ ಯಾಕೆ ಹೊಳೆಯುವುದಿಲ್ಲ? ಎಣ್ಣೆಗೂ ಸಕ್ಕರೆಗೂ ಏನಾದರೂ ರಾಸಾಯನಿಕ ಕ್ರಿಯೆ ಆಗುತ್ತಿದೆಯಾ? ಮಕ್ಕಳಿಗೆ ಸೋಮವಾರ ಉತ್ತರ ಹೇಳುತ್ತೇನೆ ಅಂತ ಮಾತು ಕೊಟ್ಟಿದ್ದೇನೆ.

ಔಷಧಿ ಅಂಗಡಿ, ಮದ್ದೂರು
ಶನಿವಾರ ಸಂಜೆ 7:25

ಮೇಷ್ಟ್ರೇ, ಬೆಳಕಿನ ವಿಷಯ ತಿಳಿದವರು ಹೇಳಲಿ. ಅದಕ್ಕೆ ಮೊದಲು ಒಂದು ಮಾತು. ವಿಂಟರ್‌ಗ್ರೀನ್ ಎಣ್ಣೆ ಅಂದರೆ ಹೆಚ್ಚುಕಡಿಮೆ ಪೂರ್ತಿ ಮೀಥೈಲ್ ಸ್ಯಾಲಿಸಿಲೇಟ್. ಗಂಧಪುರ ಎಣ್ಣೆ ಅಂತ ಆಯುರ್ವೇದದ ಅಂಗಡಿಯಲ್ಲಿ ಸಿಗುವುದೂ ಇದೇ. ಚರ್ಮಕ್ಕೆ ಹಚ್ಚುವುದು, ಹೊಟ್ಟೆಗೆ ಖಂಡಿತ ಹೋಗಬಾರದು. ಒಂದು ಟೀ ಚಮಚ ಎಣ್ಣೆಯಲ್ಲಿ ಸುಮಾರು 7 ಗ್ರಾಂ ಆಸ್ಪಿರಿನ್‌ಗೆ ಸಮನಾದಷ್ಟು ಸ್ಯಾಲಿಸಿಲೇಟ್ ಇರುತ್ತದೆ. ಸಣ್ಣ ಮಗುವಿನ ಪ್ರಾಣಕ್ಕೇ ಕುತ್ತು.

ಎಣ್ಣೆ ಕಲಸಿದ ಸಕ್ಕರೆ ನೋಡೋಕೆ ಸಕ್ಕರೆಯ ಹಾಗೇ ಇರುತ್ತದೆ, ಪೆಪ್ಪರ್‌ಮಿಂಟ್ ಥರ ಘಮ್ ಅನ್ನುತ್ತದೆ. ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಾರೆ. ದಯವಿಟ್ಟು ಲೆಕ್ಕ ಇಟ್ಟು, ಪ್ರಯೋಗ ಆದಮೇಲೆ ಎಲ್ಲವನ್ನೂ ನೀವೇ ನೀರಲ್ಲಿ ತೊಳೆದು ಚೆಲ್ಲಿ. ಇಕ್ಕಳದಲ್ಲಿ ಒಡೆಯುವಾಗ ಚೂರು ಕಣ್ಣಿಗೆ ಹಾರುತ್ತದೆ, ಕನ್ನಡಕ ಇರಲಿ.

ಗದ್ದೆಬಯಲು ಮೇಷ್ಟ್ರು, ಮಂಡ್ಯ
ಶನಿವಾರ ಸಂಜೆ 7:40

ತುಂಬಾ ಉಪಕಾರವಾಯಿತು ಸರ್. ಇಷ್ಟು ತೀವ್ರ ಅಂತ ನನಗೆ ಗೊತ್ತಿರಲಿಲ್ಲ. ಉಳಿದ ಸಕ್ಕರೆಯನ್ನು ಈಗಲೇ ಹೋಗಿ ಚೆಲ್ಲಿ ಬರುತ್ತೇನೆ. ಬೀರುವಿನಲ್ಲಿ ಇಟ್ಟಿದ್ದೆ.

ಕುಕ್ಕರಹಳ್ಳಿ ಏರಿ, ಮೈಸೂರು
ಶನಿವಾರ ರಾತ್ರಿ 9:50

ಮೇಷ್ಟ್ರೇ, ನಿಮ್ಮ ಪ್ರಶ್ನೆ ಓದಿ ಎಷ್ಟು ಖುಷಿ ಆಯ್ತು ಅಂದರೆ ಅಡುಗೆ ಬಿಟ್ಟು ಬಂದು ಕೂತಿದ್ದೇನೆ. ನನ್ನ ಪಿಎಚ್‌ಡಿ ಇದೇ ವಿಷಯದ ಮೇಲೆ. ನಿಮಗೆ ಗೊತ್ತಿಲ್ಲದೆಯೇ ನೀವು ಮಕ್ಕಳಿಗೆ ತೋರಿಸಿದ್ದು ರಸಾಯನಶಾಸ್ತ್ರದ ಅತಿ ವೇಗದ ಕ್ರಿಯೆಗಳಲ್ಲಿ ಒಂದು.

ಎಣ್ಣೆಗೂ ಸಕ್ಕರೆಗೂ ಯಾವ ಕ್ರಿಯೆಯೂ ಆಗುವುದಿಲ್ಲ. ಸಕ್ಕರೆ ಇಲ್ಲಿ ದೀಪ ಅಷ್ಟೇ. ಹರಳು ಒಡೆದಾಗ ಒಡೆದ ಎರಡು ಮುಖಗಳಲ್ಲಿ ಒಂದರ ಮೇಲೆ ಪ್ಲಸ್ ಚಾರ್ಜ್, ಇನ್ನೊಂದರ ಮೇಲೆ ಮೈನಸ್ ಚಾರ್ಜ್ ಉಳಿಯುತ್ತದೆ. ಅವುಗಳ ನಡುವಿನ ಗಾಳಿಯಲ್ಲಿ ಪುಟ್ಟ ಕಿಡಿ ಹಾರುತ್ತದೆ. ಗಾಳಿಯ ನೈಟ್ರೋಜನ್ ಹೊಳೆಯುತ್ತದೆ. ಆಕಾಶದ ಮಿಂಚಿನ ಮರಿ ಅನ್ನಿ. ಆ ಬೆಳಕಿನಲ್ಲಿ ಬಹುಪಾಲು ನೇರಳಾತೀತ, ಅಂದರೆ ಯುವಿ. 316, 337, 358 ನ್ಯಾನೋಮೀಟರ್ ತರಂಗಾಂತರದ ಹತ್ತಿರ ಅದರ ಮುಖ್ಯ ಗೆರೆಗಳು. ನಮ್ಮ ಕಣ್ಣಿಗೆ ಇವು ಯಾವುವೂ ಕಾಣುವುದಿಲ್ಲ. ನಿಮ್ಮ ಅರ್ಧ ಮಕ್ಕಳಿಗೆ ಕಂಡಿದ್ದು ಅದರಲ್ಲಿ ಉಳಿದ ಚೂರು ಬೆಳಕು.

ಈಗ ಎಣ್ಣೆ. ಮೀಥೈಲ್ ಸ್ಯಾಲಿಸಿಲೇಟ್ 305 ನ್ಯಾನೋಮೀಟರ್ ಸುತ್ತಮುತ್ತ ಬೆಳಕು ಹೀರುತ್ತದೆ. 340 ದಾಟಿದರೆ ಹೀರುವುದು ನಿಂತೇಹೋಗುತ್ತದೆ ಅನ್ನಬಹುದು. ನಿಮ್ಮ ನೋಟಿನ ಟಾರ್ಚ್ ಬಹುಶಃ 395 ನ್ಯಾನೋಮೀಟರ್‌ದು. ಅಂಗಡಿಗಳಲ್ಲಿ ಅದೇ ಜಾಸ್ತಿ ಸಿಗುವುದು. ಆ ಬೆಳಕು ಎಣ್ಣೆಯೊಳಗಿಂದ ನೇರ ಹಾದುಹೋಗುತ್ತದೆ. ಹೀರದೆ ಹೊಳೆಯುವುದು ಹೇಗೆ? ಸಕ್ಕರೆಯ ಕಿಡಿಯಾದರೋ ಎಣ್ಣೆಗೆ ಬೇಕಾದ ಅಳತೆಯ ಬೆಳಕನ್ನೇ ಕೊಡುತ್ತದೆ. ನಿಮ್ಮ ಟಾರ್ಚಿನ ಒಗಟು ಇಲ್ಲಿಗೆ ಮುಗಿಯಿತು.

ಆದರೆ ನಿಜವಾದ ಒಗಟು ಇನ್ನೊಂದಿದೆ. ಸುಮಾರು 305ರಲ್ಲಿ ಹೀರಿದ ಅಣು ಸಾಮಾನ್ಯವಾಗಿ 340ರ ಹತ್ತಿರ ಬೆಳಕು ಬಿಡಬೇಕು. ಅದೂ ನೇರಳಾತೀತವೇ, ಕಣ್ಣಿಗೆ ಕಾಣದು. ಮಕ್ಕಳು ನೋಡಿದ್ದು 450ರ ಸುತ್ತಿನ ನೀಲಿ. ಅಷ್ಟು ದೂರ ಹೇಗೆ ಜಾರಿತು?

ಅಣುವಿನ ಚಿತ್ರ ಮನಸ್ಸಿಗೆ ತಂದುಕೊಳ್ಳಿ. ಒಂದು ಬೆಂಜೀನ್ ಉಂಗುರ. ಅದರ ಒಂದು ಮೂಲೆಯಲ್ಲಿ ಆಕ್ಸಿಜನ್, ಅದಕ್ಕೆ ಅಂಟಿಕೊಂಡ ಹೈಡ್ರೋಜನ್. ಪಕ್ಕದ ಮೂಲೆಯಲ್ಲಿ ಎಸ್ಟರ್ ಗುಂಪು, ಅದರಲ್ಲಿ ಇನ್ನೊಂದು ಆಕ್ಸಿಜನ್. ಮೊದಲ ಆಕ್ಸಿಜನ್‌ನ ಹೈಡ್ರೋಜನ್ ಪಕ್ಕದವನ ಕಡೆಗೇ ಮುಖ ಮಾಡಿ ಕೂತಿರುತ್ತದೆ. ಹೈಡ್ರೋಜನ್ ಬಂಧ ಅಂತೀವಲ್ಲ, ಅದು.

ಬೆಳಕು ಬಿದ್ದ ಕೂಡಲೇ ಅಣುವಿನ ಎಲೆಕ್ಟ್ರಾನ್‌ಗಳು ಸ್ಥಾನ ಬದಲಿಸುತ್ತವೆ. ಮೊದಲ ಆಕ್ಸಿಜನ್ ಕಡೆ ಎಲೆಕ್ಟ್ರಾನ್ ಕಡಿಮೆ ಆಗುತ್ತದೆ, ಎರಡನೆಯದರ ಕಡೆ ಹೆಚ್ಚುತ್ತದೆ. ಅಂದರೆ ಒಂದು ಕಡೆ ಆಮ್ಲ ಗುಣ ಏರಿತು, ಇನ್ನೊಂದು ಕಡೆ ಪ್ರತ್ಯಾಮ್ಲ ಗುಣ ಏರಿತು. ಪ್ರೋಟಾನ್, ಅಂದರೆ ಆ ಹೈಡ್ರೋಜನ್‌ನ ನ್ಯೂಕ್ಲಿಯಸ್, ಅಲ್ಲಿಂದ ಇಲ್ಲಿಗೆ ಬಂದುಬಿಡುತ್ತದೆ. ದೂರ ಒಂದು ಆಂಗ್‌ಸ್ಟ್ರಾಂಗ್‌ಗಿಂತ (ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಭಾಗ) ಕಡಿಮೆ. ಈಗ ಇದು ಬೇರೆ ಜೋಡಣೆಯ ಅಣು. ಇದರ ಶಕ್ತಿ ಕೆಳಗೆ ಇಳಿದಿದೆ. ಅದಕ್ಕೇ ಇದು ಬಿಡುವ ಬೆಳಕು ನೀಲಿ. ಬೆಳಕು ಬಿಟ್ಟ ಮೇಲೆ ಎಲೆಕ್ಟ್ರಾನ್‌ಗಳು ಹಳೆಯ ಜಾಗಕ್ಕೆ ಬರುತ್ತವೆ, ಪ್ರೋಟಾನೂ ಮೊದಲಿನ ಆಕ್ಸಿಜನ್‌ಗೆ ಮರಳುತ್ತದೆ.

ನಾನು ಜೂನಿಯರ್‌ಗಳಿಗೆ ಅಳಿಗುಳಿ ಮಣೆ ತೋರಿಸಿ ಹೇಳುತ್ತೇನೆ. ಒಂದು ಗುಳಿಯಲ್ಲಿ ಒಂದು ಹುಣಸೆಬೀಜ. ಮಣೆಯನ್ನು ಬೆಳಕು ಬಂದು ಓರೆ ಮಾಡುತ್ತದೆ, ಬೀಜ ಪಕ್ಕದ ಗುಳಿಗೆ ಉರುಳುತ್ತದೆ. ಬೆಳಕು ಹೋದ ಮೇಲೆ ಮಣೆ ಈ ಕಡೆಗೆ ವಾಲುತ್ತದೆ, ಬೀಜ ವಾಪಸ್. ಮುಖ್ಯ ವಿಷಯ ಏನೆಂದರೆ ಬೀಜವನ್ನು ಯಾರೂ ಕೈಯಿಂದ ಎತ್ತಿ ಇಡುವುದಿಲ್ಲ. ಓರೆ ಆಗುವುದು ಮಣೆ.

ಇದನ್ನು ಮೊದಲು ಬಿಡಿಸಿ ಹೇಳಿದವರು ಜರ್ಮನಿಯ ಆಲ್ಬರ್ಟ್ ವೆಲ್ಲರ್, 1950ರ ದಶಕದ ನಡುವಿನಲ್ಲಿ. ಅವರು ನೋಡಿದ್ದೂ ಇದೇ ಮೀಥೈಲ್ ಸ್ಯಾಲಿಸಿಲೇಟ್. ಅದರಲ್ಲಿ ನೇರಳಾತೀತದ ಒಂದು ಹೊಳಪು, ನೀಲಿಯ ಒಂದು ಹೊಳಪು, ಎರಡೂ ಇದ್ದವು. ಹೈಡ್ರೋಜನ್ ಇದ್ದ ಜಾಗದಲ್ಲಿ ಮೀಥೈಲ್ ಗುಂಪು ಕೂರಿಸಿದರೆ ನೀಲಿ ಮಾಯ. ಉರುಳುವ ಬೀಜವೇ ಇಲ್ಲವಲ್ಲ.

ಚಾಮುಂಡಿ ಮೆಟ್ಟಿಲು, ಮೈಸೂರು
ಶನಿವಾರ ರಾತ್ರಿ 10:30

ಮೇಡಂ, ಚೆನ್ನಾಗಿ ಹೇಳಿದ್ದೀರಿ. ಆದರೆ ಒಂದು ಅನುಮಾನ. ಪ್ರೋಟಾನ್ ಜಾಗ ಬದಲಿಸಿತು ಅಂತ ಯಾರು ನೋಡಿದ್ದಾರೆ? ಬಣ್ಣ ಬದಲಾಗಿದ್ದಕ್ಕೆ ಬೇರೆ ಕಾರಣ ಇರಬಾರದಾ? ನಾನು ಎಂಜಿನಿಯರ್, ಕೆಮಿಸ್ಟ್ರಿ ಪಿಯುಸಿಗೇ ಮುಗಿಯಿತು. ವಾದ ಮಾಡಲು ಕೇಳುತ್ತಿಲ್ಲ, ನಿಜವಾಗಿ ತಿಳಿಯಬೇಕು.

ಕುಕ್ಕರಹಳ್ಳಿ ಏರಿ, ಮೈಸೂರು
ಶನಿವಾರ ರಾತ್ರಿ 11:15

ಸರ್, ಈ ಪ್ರಶ್ನೆ ಕೇಳಲೇಬೇಕಾದದ್ದು. ವೆಲ್ಲರ್ ಕಾಲದಲ್ಲಿ ಅದು ಬಣ್ಣ ನೋಡಿ ಮಾಡಿದ ಊಹೆಯೇ. ಬಲವಾದ ಊಹೆ, ಆದರೂ ಊಹೆ. ಹೋಲಿಕೆಯ ಅಣುಗಳನ್ನು ಒಂದೊಂದಾಗಿ ಮಾಡಿ, ಬೇರೆ ಕಾರಣಗಳನ್ನು ಒಂದೊಂದಾಗಿ ತೆಗೆದುಹಾಕುತ್ತಾ ಬಂದರು.

ಕಣ್ಣಾರೆ ನೋಡಿದ ಹಾಗೆ ಅಳೆದದ್ದು ಆಮೇಲೆ. ಅಹ್ಮದ್ ಜವೈಲ್ ಗೊತ್ತಲ್ಲ, ಫೆಮ್ಟೋಸೆಕೆಂಡ್ ಲೇಸರ್‌ನಿಂದ ಕ್ರಿಯೆಗಳನ್ನು ಹಿಡಿದದ್ದಕ್ಕೆ 1999ರಲ್ಲಿ ನೊಬೆಲ್ ಪಡೆದವರು. ಅವರ ಗುಂಪು 1992ರಲ್ಲಿ ಅಳೆದದ್ದು ಇದೇ ಮೀಥೈಲ್ ಸ್ಯಾಲಿಸಿಲೇಟನ್ನು! ಒಂದು ಲೇಸರ್ ಮಿಡಿತ ಅಣುವನ್ನು ಎಬ್ಬಿಸುತ್ತದೆ, ಸ್ವಲ್ಪ ತಡೆದು ಬರುವ ಇನ್ನೊಂದು ಮಿಡಿತ ಏನಾಗಿದೆ ಅಂತ ನೋಡುತ್ತದೆ. ತಡೆಯುವ ಹೊತ್ತನ್ನು ಬದಲಿಸುತ್ತಾ ಹೋದರೆ ಕ್ರಿಯೆಯ ಹೆಜ್ಜೆಗಳು ಸಿಗುತ್ತವೆ. ಪ್ರೋಟಾನ್ ದಾಟಲು ಸುಮಾರು 60 ಫೆಮ್ಟೋಸೆಕೆಂಡ್ ಸಾಕು ಅಂತ ಕಂಡಿತು.

60 ಫೆಮ್ಟೋಸೆಕೆಂಡ್ ಅಂದರೆ ಎಷ್ಟು? ಬೆಳಕು ಒಂದು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುತ್ತದೆ. ಈ ಹೊತ್ತಿನಲ್ಲಿ ಅದೇ ಬೆಳಕು ಓಡುವ ದೂರ 18 ಮೈಕ್ರಾನ್. ನಮ್ಮ ತಲೆಕೂದಲಿನ ದಪ್ಪವನ್ನೂ ಅದು ದಾಟಿರುವುದಿಲ್ಲ.

ಇನ್ನೂ ಒಂದು ಹೇಳುತ್ತೇನೆ, ನನಗೆ ತುಂಬಾ ಇಷ್ಟವಾದದ್ದು. ಎಚ್‌ಬಿಟಿ ಅಂತ ಈ ಜಾತಿಯ ಇನ್ನೊಂದು ಅಣು ಇದೆ. ಪುಡಿಯಾಗಿದ್ದಾಗಲೇ ಯುವಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತದೆ. ಅದರಲ್ಲಿ ಹೈಡ್ರೋಜನ್ ಬದಲು ಎರಡರಷ್ಟು ತೂಕದ ಡ್ಯೂಟೀರಿಯಂ ಇಟ್ಟು ನೋಡಿದರು. ಭಾರವಾದದ್ದು ನಿಧಾನ ಆಗಬೇಕು, ಅಲ್ವಾ? ಆಗಲಿಲ್ಲ. ವೇಗ ಹೆಚ್ಚುಕಡಿಮೆ ಅಷ್ಟೇ ಇತ್ತು. ಹಾಗಾದರೆ ಹೊತ್ತು ತೆಗೆದುಕೊಳ್ಳುವುದು ಪ್ರೋಟಾನ್ ಜಿಗಿಯುವುದಕ್ಕಲ್ಲ. ಅಣುವಿನ ಇಡೀ ಚೌಕಟ್ಟು ಬಾಗಿ ಎರಡು ತುದಿಗಳನ್ನು ಹತ್ತಿರ ತರುತ್ತದೆ, ಅದಕ್ಕೆ ಹಿಡಿಯುವ ಹೊತ್ತು ಅದು. ಮಣೆ ಓರೆ ಆಗುತ್ತದೆ ಅಂದೆನಲ್ಲ, ಸುಮ್ನೆ ಬಾಯಿಮಾತಿಗೆ ಅಂದದ್ದಲ್ಲ.

ಬಣ್ಣದ ಡಬ್ಬಿ, ಮೈಸೂರು
ಭಾನುವಾರ ಬೆಳಿಗ್ಗೆ 8:05

ಬೆಳಕಿನಿಂದ ಆಗುವ ಕ್ರಿಯೆ ಅಂದಾಗ ನನಗೆ ನೆನಪಾದದ್ದು ನಮ್ಮ ಮೈಸೂರಿನ ಚುನಾವಣೆ ಶಾಯಿ. ಮೈಸೂರ್ ಪೇಂಟ್ಸ್ ಅಂಡ್ ವಾರ್ನಿಶ್ ಕಾರ್ಖಾನೆ, 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದದ್ದು. 1962ರ ಚುನಾವಣೆಯಿಂದ ಅಲ್ಲಿಯ ಶಾಯಿ ದೇಶದ ಬೆರಳುಗಳ ಮೇಲೆ ಇದೆ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇರುತ್ತದೆ, ಬೆಳಕು ಬಿದ್ದು ಕಪ್ಪಾಗುತ್ತದೆ. ನಾನು ಬಣ್ಣದ ವ್ಯಾಪಾರದಲ್ಲಿ ಇರುವುದರಿಂದ ಕೇಳುತ್ತೇನೆ, ಈ ಪ್ರೋಟಾನ್ ಕ್ರಿಯೆಯೂ ಅದೇ ಜಾತಿಯದಾ?

ಕುಕ್ಕರಹಳ್ಳಿ ಏರಿ, ಮೈಸೂರು
ಭಾನುವಾರ ಬೆಳಿಗ್ಗೆ 9:20

ಒಳ್ಳೆಯ ಜೋಡಿ ಕೊಟ್ಟಿರಿ. ಎರಡೂ ಬೆಳಕಿನ ಕ್ರಿಯೆಗಳೇ, ಆದರೆ ಶಾಯಿಯದು ಹೋದರೆ ಬಾರದ ದಾರಿ. ಬೆಳ್ಳಿಯ ಅಯಾನು ಲೋಹದ ಬೆಳ್ಳಿಯಾಗಿ ಚರ್ಮದಲ್ಲಿ ಕೂತರೆ ಮತ್ತೆ ಮೊದಲಿನಂತೆ ಆಗುವುದಿಲ್ಲ. ಚರ್ಮ ಸವೆದು, ಉಗುರು ಬೆಳೆದು ಹೋಗಬೇಕು. ಶಾಯಿಗೆ ಬೇಕಾದದ್ದೂ ಅದೇ.

ಪ್ರೋಟಾನ್‌ದು ನಾಲ್ಕು ಮೂಲೆಯ ಸುತ್ತು. ಬೆಳಕು ಹೀರಿ ಮೇಲೇರುವುದು, ಪ್ರೋಟಾನ್ ದಾಟುವುದು, ಬೆಳಕು ಬಿಟ್ಟು ಇಳಿಯುವುದು, ಪ್ರೋಟಾನ್ ಮರಳುವುದು. ಮುಗಿದಾಗ ಅಣು ಮೊದಲಿನ ಅಣುವೇ. ಮುಂದಿನ ಕಿಡಿಗೆ ಮತ್ತೆ ಸಿದ್ಧ. ಈ ಸುತ್ತಿನಲ್ಲಿ ಹೀರುವ ಅಣು ಒಂದು ರೂಪ, ಹೊಳೆಯುವ ಅಣು ಇನ್ನೊಂದು ರೂಪ ಇರುವುದರಿಂದ ಲೇಸರ್‌ಗೂ ಇದು ಹೊಂದುತ್ತದೆ. 1984ರಲ್ಲಿ ಅಮೆರಿಕದ ಮೈಕೇಲ್ ಕಾಶಾ ಗುಂಪು ಪ್ರೋಟಾನ್ ವರ್ಗಾವಣೆಯ ಲೇಸರ್ ತೋರಿಸಿತು.

ಬಣ್ಣದವರಿಗೆ ಇದರ ಲಾಭ ಬೇಗ ಗೊತ್ತಾಗುತ್ತದೆ. ಫ್ಲೋರೆಸಿನ್‌ನಂಥ ಸಾಮಾನ್ಯ ಡೈಯಲ್ಲಿ ಹೀರುವ ಬಣ್ಣ 490, ಬಿಡುವ ಬಣ್ಣ 515 ನ್ಯಾನೋಮೀಟರ್ ಹತ್ತಿರ. ಗಟ್ಟಿಯಾಗಿ ಕಲಸಿದರೆ ಒಂದು ಅಣು ಬಿಟ್ಟ ಬೆಳಕನ್ನು ಪಕ್ಕದ ಅಣುವೇ ನುಂಗುತ್ತದೆ. ಪ್ರೋಟಾನ್ ದಾಟುವ 3-ಹೈಡ್ರಾಕ್ಸಿಫ್ಲೇವೋನ್ ಹೀರುವುದು 345ರ ಹತ್ತಿರ, ಬಿಡುವುದು 530ರ ಹತ್ತಿರದ ಹಸಿರು. ತನ್ನ ಬೆಳಕನ್ನು ತಾನೇ ನುಂಗುವ ಪ್ರಶ್ನೆಯೇ ಇಲ್ಲ. ಕಣಗಳನ್ನು ಪತ್ತೆ ಹಚ್ಚುವ ಹೊಳೆಯುವ ಪ್ಲಾಸ್ಟಿಕ್ ಎಳೆಗಳಲ್ಲಿ ಇದನ್ನು ಬಳಸುವುದು ಈ ಕಾರಣಕ್ಕೇ.

ರೇಷ್ಮೆಗೂಡು, ಮಳವಳ್ಳಿ
ಭಾನುವಾರ ಬೆಳಿಗ್ಗೆ 11:00

ಅಕ್ಕ, ಒಂದು ಕೇಳ್ತೀನಿ. ನಾವು ರೇಷ್ಮೆ ಬೆಳೆಯೋರು. ಒಂದು ಸಲ ಗೂಡಿನ ಮೇಲೆ ಯುವಿ ಟಾರ್ಚ್ ಬಿಟ್ಟಾಗ ಕೆಲವು ಹಳದಿಯಾಗಿ ಹೊಳೆದವು, ಕೆಲವು ನೀಲಿ ನೇರಳೆ ಥರ. ಇದಕ್ಕೂ ನೀವು ಹೇಳಿದ ವಿಷಯಕ್ಕೂ ಸಂಬಂಧ ಇದೆಯಾ? ಹಾಗೇ ಅರಿಶಿನ, ಹೊನ್ನೆಮರದ ಲೋಟದ ನೀರು, ಇವೂ ಹೊಳೆಯುತ್ತವೆ. ನಮ್ಮ ತಾತ ಸಕ್ಕರೆ ಕಾಯಿಲೆಗೆ ಅಂತ ಹೊನ್ನೆ ಲೋಟದಲ್ಲೇ ನೀರು ಇಟ್ಟು ಕುಡಿಯುತ್ತಿದ್ದರು. ಬಿಸಿಲಿಗೆ ಹಿಡಿದರೆ ಅಂಚಿನಲ್ಲಿ ನೀಲಿ ಕಾಣುತ್ತಿತ್ತು.

ಕುಕ್ಕರಹಳ್ಳಿ ಏರಿ, ಮೈಸೂರು
ಭಾನುವಾರ ಮಧ್ಯಾಹ್ನ 1:30

ತಮ್ಮಾ, ತಾತನ ಲೋಟದ ಅಂಚಿನ ನೀಲಿಯನ್ನು ಗಮನಿಸಿದ್ದೀಯಲ್ಲ, ತುಂಬಾ ಸಂತೋಷ. ಆದರೆ ಹೊಳೆಯುವುದೆಲ್ಲ ಪ್ರೋಟಾನ್ ಕೆಲಸ ಅಲ್ಲ. ಒಂದೊಂದಾಗಿ ಹೇಳುತ್ತೇನೆ.

ಹೊನ್ನೆಯದು ಫ್ಲೋರೆಸೆನ್ಸ್ ಹೌದು, ಅಂದರೆ ಬೆಳಕು ಹೀರಿ ಬೇರೆ ಬಣ್ಣದ ಬೆಳಕು ಬಿಡುವುದು. ಇದರ ಸಂಬಂಧಿ ಮರಗಳ ನೀರಿನ ನೀಲಿಯನ್ನು ಯುರೋಪಿನವರು 16ನೇ ಶತಮಾನದಲ್ಲೇ ಬರೆದಿಟ್ಟಿದ್ದಾರೆ. ಆಗ ಅದಕ್ಕೆ ಹೆಸರೇ ಇರಲಿಲ್ಲ. ಫ್ಲೋರೆಸೆನ್ಸ್ ಅನ್ನುವ ಪದವನ್ನು ಜಾರ್ಜ್ ಸ್ಟೋಕ್ಸ್ ಕೊಟ್ಟದ್ದು 1852ರಲ್ಲಿ. ಹೊನ್ನೆಯ ನೀಲಿಯನ್ನು ನಾನು ಈ ಪಟ್ಟಿಗೆ ಸೇರಿಸುವುದಿಲ್ಲ.

ಅರಿಶಿನದ ಕರ್ಕ್ಯುಮಿನ್‌ನಲ್ಲಿ ಎರಡು ಆಕ್ಸಿಜನ್‌ಗಳ ನಡುವೆ ಒಂದು ಹೈಡ್ರೋಜನ್ ಸಿಕ್ಕಿಕೊಂಡಿರುತ್ತದೆ. ಬೆಳಕು ಬಿದ್ದಾಗ ಅದೂ ಅತ್ತಿತ್ತ ಸರಿಯುತ್ತದೆ ಅಂತ ಅಳತೆಗಳಿವೆ. ಆದರೆ ಅರಿಶಿನದ ಹೊಳಪಿನ ಬಣ್ಣವನ್ನು ಹೆಚ್ಚಾಗಿ ಬದಲಿಸುವುದು ಅದು ಕರಗಿರುವ ದ್ರವ. ಸ್ಯಾನಿಟೈಸರ್‌ನಲ್ಲಿ ಒಂದು ಚಿಟಿಕೆ, ಕೊಬ್ಬರಿ ಎಣ್ಣೆಯಲ್ಲಿ ಒಂದು ಚಿಟಿಕೆ ಕದಡಿ, ತಿಳಿಯಾದ ಮೇಲೆ ನಿನ್ನ ಟಾರ್ಚ್ ಹಿಡಿದು ನೋಡು. ಎಣ್ಣೆಯದು ಹಸಿರಿನ ಕಡೆ ವಾಲಿರುತ್ತದೆ. ಈ ಪ್ರಯೋಗಕ್ಕೆ 395ರ ಟಾರ್ಚ್ ಸಾಕು.

ಇನ್ನು ನಿನ್ನ ಗೂಡು. ಇದು ನಮ್ಮ ವಿಷಯಕ್ಕೆ ತುಂಬಾ ಹತ್ತಿರ. ಹಿಪ್ಪುನೇರಳೆ ಸೊಪ್ಪಿನಲ್ಲಿ ಕ್ವೆರ್ಸೆಟಿನ್ ಜಾತಿಯ ಪದಾರ್ಥಗಳಿವೆ. ಈರುಳ್ಳಿ ಸಿಪ್ಪೆಯಲ್ಲಿ ಇರುವುದೂ ಕ್ವೆರ್ಸೆಟಿನ್ನೇ. 1979ರಲ್ಲಿ ಪ್ರದೀಪ್ ಸೇನ್‌ಗುಪ್ತ ಮತ್ತು ಕಾಶಾ 3-ಹೈಡ್ರಾಕ್ಸಿಫ್ಲೇವೋನ್ ಜೊತೆ ಇಟ್ಟು ಪ್ರೋಟಾನ್ ವರ್ಗಾವಣೆ ನೋಡಿದ್ದು ಇದರಲ್ಲೇ. ಹಸಿರು ಛಾಯೆಯ ಗೂಡು ಕಟ್ಟುವ ಕೆಲವು ತಳಿಗಳಲ್ಲಿ ಹುಳು ಕ್ವೆರ್ಸೆಟಿನ್‌ನ ಐದನೇ ಜಾಗಕ್ಕೆ ಒಂದು ಗ್ಲೂಕೋಸ್ ಅಂಟಿಸಿ ಗೂಡಿಗೆ ಸೇರಿಸುತ್ತದೆ.

ಆ ಐದನೇ ಜಾಗ ಮುಖ್ಯ. ಅಲ್ಲಿಯ ಆಕ್ಸಿಜನ್ ಮೇಲೆ ಬರಿಯ ಹೈಡ್ರೋಜನ್ ಇದ್ದರೆ ಅದೂ ಬೆಳಕು ಬಿದ್ದಾಗ ದಾಟುತ್ತದೆ. ಆದರೆ ಆ ದಾರಿಯಲ್ಲಿ ಹೋದ ಶಕ್ತಿ ಬೆಳಕಾಗಿ ಬರುವುದಿಲ್ಲ, ಬಿಸಿಯಾಗಿ ಕಳೆದುಹೋಗುತ್ತದೆ. 5-ಹೈಡ್ರಾಕ್ಸಿಫ್ಲೇವೋನ್‌ನಲ್ಲಿ ಹೊಳಪು ಇಲ್ಲವೆನ್ನುವಷ್ಟು ಕಡಿಮೆ. ಪ್ರೋಟಾನ್ ದಾಟಿದರೆ ಬೆಳಕು ಬಂದೇ ಬರುತ್ತದೆ ಅಂತ ತಿಳಿಯಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಹುಳು ಆ ಬಾಗಿಲಿಗೆ ಸಕ್ಕರೆಯ ಬೀಗ ಹಾಕುತ್ತದೆ. ಮೂರನೇ ಜಾಗದ ಬಾಗಿಲು ತೆರೆದೇ ಇರುತ್ತದೆ, ಹೊಳಪು ಅಲ್ಲಿಂದ ಬರುತ್ತದೆ.

ಶ್ರೀರಂಗಪಟ್ಟಣ ಸೇತುವೆ
ಭಾನುವಾರ ಮಧ್ಯಾಹ್ನ 2:45

ಬಿಸಿಯಾಗಿ ಕಳೆದುಹೋದರೆ ಅದರಿಂದ ಏನು ಉಪಯೋಗ ಮೇಡಂ? ವ್ಯರ್ಥ ಅಲ್ವಾ?

ಕುಕ್ಕರಹಳ್ಳಿ ಏರಿ, ಮೈಸೂರು
ಭಾನುವಾರ ಮಧ್ಯಾಹ್ನ 3:30

ನಿಮ್ಮ ಮನೆಯಲ್ಲಿ ಸನ್‌ಸ್ಕ್ರೀನ್ ಇದ್ದರೆ ಹಿಂಬದಿಯ ಸಣ್ಣ ಅಕ್ಷರ ಓದಿ. ಆಕ್ಸಿಬೆನ್‌ಜೋನ್, ಆಕ್ಟಿಸಾಲೇಟ್, ಹೋಮೋಸಾಲೇಟ್, ಇವುಗಳಲ್ಲಿ ಒಂದಾದರೂ ಇರಬಹುದು. ಕೊನೆಯ ಎರಡು ನಮ್ಮ ವಿಂಟರ್‌ಗ್ರೀನ್ ಎಣ್ಣೆಯ ಅಣ್ಣತಮ್ಮಂದಿರೇ, ಅವೂ ಸ್ಯಾಲಿಸಿಲೇಟ್‌ಗಳು. ಬಿಸಿಲಿನ ನೇರಳಾತೀತವನ್ನು ಹೀರಿ, ಪ್ರೋಟಾನನ್ನು ಆಚೆಗೆ ತಳ್ಳಿ, ಶಕ್ತಿಯನ್ನು ಬಿಸಿಯಾಗಿ ಬಿಟ್ಟು, ಪ್ರೋಟಾನನ್ನು ಈಚೆಗೆ ಎಳೆದುಕೊಳ್ಳುತ್ತವೆ. ಅಣು ಮುರಿಯುವ ಮೊದಲೇ ಶಕ್ತಿ ಖಾಲಿ. ಸಾವಿರಾರು ಸಲ ಇದೇ ಸುತ್ತು.

ಟೆರೇಸ್ ಮೇಲಿನ ಪ್ಲಾಸ್ಟಿಕ್, ಕಾರಿನ ಬಣ್ಣದ ಮೇಲಿನ ವಾರ್ನಿಶ್, ಇವು ಬಿಸಿಲಿಗೆ ಬೇಗ ಪುಡಿಯಾಗದಿರಲಿ ಅಂತ ಬೆನ್‌ಜೋಟ್ರಯಜೋಲ್ ಜಾತಿಯ ಪುಡಿ ಬೆರೆಸುತ್ತಾರೆ. ಅಲ್ಲೂ ಇದೇ ಉಪಾಯ. ಬಣ್ಣದ ಡಬ್ಬಿಯವರಿಗೆ ಗೊತ್ತಿರುತ್ತದೆ.

ಬಣ್ಣದ ಡಬ್ಬಿ, ಮೈಸೂರು
ಭಾನುವಾರ ಸಂಜೆ 4:10

ಗೊತ್ತು ಮೇಡಂ, ಯುವಿ ಅಬ್ಸಾರ್ಬರ್ ಅಂತ ಡಬ್ಬಿ ಬರುತ್ತದೆ. ಹದಿನೈದು ವರ್ಷದಿಂದ ಮಾರುತ್ತಿದ್ದೇನೆ. ಒಳಗೆ ಏನು ನಡೆಯುತ್ತದೆ ಅಂತ ಇವತ್ತು ತಿಳಿಯಿತು.

ಎಂಎಸ್ಸಿ ಎರಡನೇ ವರ್ಷ, ಮೈಸೂರು
ಭಾನುವಾರ ಸಂಜೆ 5:00

ಅಕ್ಕ, ಈ ಚರ್ಚೆ ನೋಡಿ ಧೈರ್ಯ ಬಂತು. ನನ್ನ ಪ್ರಾಜೆಕ್ಟ್ 3-ಹೈಡ್ರಾಕ್ಸಿಫ್ಲೇವೋನ್ ಮೇಲೆ. ಮೂರು ವಾರದಿಂದ ಅಳುವುದೊಂದೇ ಬಾಕಿ. ಏಪ್ರಿಲ್‌ನಲ್ಲಿ ಅಸಿಟೋನೈಟ್ರೈಲ್ ಅನ್ನುವ ದ್ರವದಲ್ಲಿ ಕರಗಿಸಿ ತೆಗೆದ ಸ್ಪೆಕ್ಟ್ರಮ್‌ನಲ್ಲಿ 530ರ ಹತ್ತಿರ ಚೆಂದದ ಹಸಿರು ಗುಡ್ಡ, 400ರ ಹತ್ತಿರ ತೀರಾ ಸಣ್ಣ ನೇರಳೆ. ಈಗ ಮಳೆಗಾಲದಲ್ಲಿ ಅದೇ ಬಾಟಲಿ, ಅದೇ ಪುಡಿ, ಆದರೆ ನೇರಳೆ ಗುಡ್ಡ ದೊಡ್ಡದಾಗಿದೆ. ಅದರ ಮೇಲೆ 384ರಲ್ಲಿ ಒಂದು ಚೂಪು ಮೊನೆ ಬೇರೆ. ಲ್ಯಾಬಿನಲ್ಲಿ ಕೇಳಿದರೆ ನಿನ್ನ ಸ್ಯಾಂಪಲ್ ಕೊಳಕು, ಎಲ್ಲ ಮೊದಲಿಂದ ಮಾಡು ಅಂದರು. ಪುಡಿಯನ್ನು ಎರಡು ಸಲ ಶುದ್ಧ ಮಾಡಿದೆ. ಹಾಗೇ ಇದೆ. ಬೆಳಕು ಕೊಡುವುದು 345 ನ್ಯಾನೋಮೀಟರ್‌ನಲ್ಲಿ.

ಕುಕ್ಕರಹಳ್ಳಿ ಏರಿ, ಮೈಸೂರು
ಭಾನುವಾರ ಸಂಜೆ 6:20

ಅಳಬೇಡ ಕಣಮ್ಮಾ. ನಿನ್ನ ಪುಡಿ ಶುದ್ಧವಾಗಿಯೇ ಇರಬಹುದು. ನಾನೂ ಈ ಗುಂಡಿಯಲ್ಲಿ ಬಿದ್ದು ಎದ್ದವಳು.

ನಿನ್ನ ಹತ್ತಿರ ಇರುವುದು ಎರಡು ಬೇರೆ ಬೇರೆ ವಿಷಯ. ಮೊದಲು ನೇರಳೆ ಗುಡ್ಡ. ನನ್ನ ಅನುಮಾನ ನೀರಿನ ಮೇಲೆ. ಅಣುವಿನೊಳಗಿನ ಹೈಡ್ರೋಜನ್ ಬಂಧ ಇದ್ದರೆ ತಾನೇ ಪ್ರೋಟಾನ್ ದಾಟುವುದು? ನೀರಿನ ಅಣು ಬಂದು ನಡುವೆ ಕೈ ಹಾಕಿದರೆ ಹೈಡ್ರೋಜನ್ ಅದರ ಕಡೆ ತಿರುಗುತ್ತದೆ. ದಾರಿ ಕಟ್ಟಾಯಿತು. ದಾಟಲಾಗದ ಅಣು ನೇರಳೆ ಬಿಡುತ್ತದೆ. ಕಾಶಾ ಗುಂಪಿಗೂ ಹೀಗೇ ಆಗಿತ್ತು. ಹೈಡ್ರೋಕಾರ್ಬನ್ ದ್ರವದಲ್ಲಿ ಕರಗಿಸಿ 77 ಕೆಲ್ವಿನ್‌ಗೆ (ಮೈನಸ್ 196 ಡಿಗ್ರಿ ಸೆಲ್ಸಿಯಸ್) ತಣಿಸಿದಾಗ ನೇರಳೆ ಬರುತ್ತಿತ್ತು. ಕಾರಣಕ್ಕೆ ಏನೇನೋ ವಿವರಣೆ ಕೊಟ್ಟರು. ಕೊನೆಗೆ 1980ರ ದಶಕದ ಆರಂಭದಲ್ಲಿ ಮ್ಯಾಕ್‌ಮಾರೋ ಮತ್ತು ಕಾಶಾ ದ್ರವವನ್ನು ತುಂಬಾ ಜೋಪಾನವಾಗಿ ಒಣಗಿಸಿ ನೋಡಿದರೆ ಬರೀ ಹಸಿರು! ಅಲ್ಲಿಯವರೆಗೆ ಕಂಡಿದ್ದ ನೇರಳೆ ತೇವದ್ದು. ಅಷ್ಟು ದೊಡ್ಡವರಿಗೇ ಹೀಗಾಗಿದೆ.

ಅಸಿಟೋನೈಟ್ರೈಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ತೆರೆದ ಬಾಟಲಿ ಈಗ ಹೇಗಿರಬೇಕು ಹೇಳು. ನೀರು ಹೀರಿಕೊಳ್ಳುವ 3 ಆಂಗ್‌ಸ್ಟ್ರಾಂಗ್ ಮಾಲಿಕ್ಯುಲರ್ ಸೀವ್ ಗುಂಡುಗಳನ್ನು ಕಾಯಿಸಿ ಒಣಗಿಸಿ, ಹೊಸ ಬಾಟಲಿಗೆ ಹಾಕಿ ಒಂದು ದಿನ ಬಿಡು. ಆಮೇಲೆ ಅಳೆ. ಅಷ್ಟಕ್ಕೇ ನಿಲ್ಲಿಸಬೇಡ. ಒಣಗಿದ ದ್ರಾವಣಕ್ಕೆ ಬೇಕೆಂದೇ ಸ್ವಲ್ಪ ಸ್ವಲ್ಪ ನೀರು ಹಾಕುತ್ತಾ ಅಳೆ. ನೇರಳೆ ಏರುತ್ತಾ ಹೋದರೆ ಅದು ನಿನ್ನ ಪ್ರಾಜೆಕ್ಟಿನ ಒಳ್ಳೆಯ ಅಧ್ಯಾಯ ಆಗುತ್ತದೆ. ಈ ಜಾತಿಯ ಅಣುಗಳಿಂದ ದ್ರವದಲ್ಲಿನ ನೀರನ್ನು ಪತ್ತೆ ಮಾಡುವವರು ಇದ್ದಾರೆ.

ಇನ್ನು ಆ ಚೂಪು ಮೊನೆ. ಲೆಕ್ಕ ಹಾಕಿ ನೋಡಿದೆ. 345 ನ್ಯಾನೋಮೀಟರ್ ಅಂದರೆ ಸೆಂಟಿಮೀಟರಿಗೆ 28,986 ಅಲೆ. ಅಸಿಟೋನೈಟ್ರೈಲ್‌ನ ಕಾರ್ಬನ್ ಹೈಡ್ರೋಜನ್ ಕಂಪನ ಸುಮಾರು 2,940. ಕಳೆದರೆ 26,046. ಅದನ್ನು ಮತ್ತೆ ನ್ಯಾನೋಮೀಟರಿಗೆ ತಿರುಗಿಸಿದರೆ 384! ಅದು ದ್ರವದ ರಾಮನ್ ಗೆರೆ, ಅಂದರೆ ದ್ರವದ ಕಂಪನಕ್ಕೆ ಸ್ವಲ್ಪ ಶಕ್ತಿ ಕೊಟ್ಟು ಚೆದುರಿ ಬಂದ ಬೆಳಕು. ನಿನ್ನ ಅಣುವಿನದಲ್ಲ. 345 ಬಿಟ್ಟು 355ರಲ್ಲಿ ಬೆಳಕು ಕೊಡು. ರಾಮನ್ ಗೆರೆ ಆದರೆ 396ಕ್ಕೆ ಓಡುತ್ತದೆ. ಫ್ಲೋರೆಸೆನ್ಸ್ ಆದರೆ ಇದ್ದಲ್ಲೇ ಇರುತ್ತದೆ.

ಒಂದು ವಿಷಯ ನೆನಪಾಯಿತು. 1923ರಲ್ಲಿ ಕಲ್ಕತ್ತದಲ್ಲಿ ರಾಮನ್ ಅವರ ಶಿಷ್ಯ ಕೆ. ಆರ್. ರಾಮನಾಥನ್ ನೀರಿನಲ್ಲಿ ಹೀಗೇ ಒಂದು ಮಸುಕು ಬೆಳಕು ಕಂಡರು. ದುರ್ಬಲ ಫ್ಲೋರೆಸೆನ್ಸ್ ಅಂತ ಬರೆದರು. ದ್ರವದ ಕೊಳೆ ಇರಬೇಕು ಅಂತ ಮತ್ತೆ ಮತ್ತೆ ಶುದ್ಧ ಮಾಡಿದರು, ಹೋಗಲಿಲ್ಲ. ಅದರ ಗುಟ್ಟು, ಅಂದರೆ ರಾಮನ್ ಪರಿಣಾಮ, ಬಿಚ್ಚಿಕೊಂಡದ್ದು 1928ರ ಫೆಬ್ರವರಿ 28ಕ್ಕೆ. ನೀನೂ ಎರಡು ಸಲ ಶುದ್ಧ ಮಾಡಿದೆ ಅಂದಾಗ ನನಗೆ ಅವರೇ ಕಣ್ಣ ಮುಂದೆ ಬಂದರು.

ಗದ್ದೆಬಯಲು ಮೇಷ್ಟ್ರು, ಮಂಡ್ಯ
ಸೋಮವಾರ ಸಂಜೆ 5:30

ಮಕ್ಕಳಿಗೆ ಹೇಳಿ ಬಂದೆ. ಅಳಿಗುಳಿ ಮಣೆಯನ್ನು ಮನೆಯಿಂದ ತೆಗೆದುಕೊಂಡು ಹೋಗಿದ್ದೆ. ಒಂದು ಹುಣಸೆಬೀಜ, ಎರಡು ಗುಳಿ. ಮಣೆಯನ್ನು ಓರೆ ಮಾಡಲು ಒಬ್ಬ ಹುಡುಗ ಟಾರ್ಚ್ ಹಿಡಿದು ನಿಂತ, ಟಾರ್ಚ್ ಹಾಕಿದಾಗಲೆಲ್ಲ ಇನ್ನೊಬ್ಬ ಮಣೆ ಎತ್ತುತ್ತಿದ್ದ. ಪಾಠ ಮುಗಿದ ಮೇಲೂ ಬಿಡಲಿಲ್ಲ.

ಒಬ್ಬ ಹುಡುಗ ಒಂದು ಪ್ರಶ್ನೆ ಕೇಳಿದ್ದಾನೆ. ಎಣ್ಣೆಯನ್ನು ಸಕ್ಕರೆಗೆ ಕಲಸದೆ, ಕಾಗದಕ್ಕೆ ಸವರಿ ಪಕ್ಕದಲ್ಲಿ ಇಟ್ಟರೆ ಕಾಗದ ಹೊಳೆಯುತ್ತದಾ ಸಾರ್ ಅಂತ. ಸಕ್ಕರೆ ಬರೀ ದೀಪ ಆಗಿದ್ದರೆ ಹೊಳೆಯಬೇಕಲ್ಲ ಅನ್ನುವುದು ಅವನ ವಾದ.

ಕುಕ್ಕರಹಳ್ಳಿ ಏರಿ, ಮೈಸೂರು
ಸೋಮವಾರ ರಾತ್ರಿ 8:15

ಆ ಹುಡುಗನಿಗೆ ನನ್ನ ಕಡೆಯಿಂದ ಬೆನ್ನು ತಟ್ಟಿ ಮೇಷ್ಟ್ರೇ. ಅವನ ವಾದ ಸರಿ. ತತ್ವದಲ್ಲಿ ಹೊಳೆಯಲೇಬೇಕು. ಆದರೆ ಕಿಡಿಯ ಬೆಳಕು ಎಲ್ಲ ದಿಕ್ಕಿಗೂ ಚೆಲ್ಲಿಹೋಗುತ್ತದೆ, ಕಾಗದಕ್ಕೆ ತಲುಪುವುದು ಚೂರು. ಕಲಸಿದಾಗ ಎಣ್ಣೆ ಕಿಡಿಯ ಬಾಯಿಯಲ್ಲೇ ಇರುತ್ತದೆ. ಕಾಗದದ್ದು ಬೇರೆ ತೊಂದರೆಯೂ ಇದೆ. ಬಿಳಿ ಕಾಗದಕ್ಕೆ ಹಾಕುವ ಹೊಳಪಿನ ಪುಡಿ ತಾನೇ ಯುವಿಗೆ ನೀಲಿಯಾಗಿ ಹೊಳೆಯುತ್ತದೆ, ಮೋಸ ಹೋಗುತ್ತೀರಿ. ಕಾಫಿ ಫಿಲ್ಟರ್ ಕಾಗದದಂಥ, ಟಾರ್ಚಿಗೆ ಹೊಳೆಯದ ಕಾಗದ ಆರಿಸಿ. ಒಂದಕ್ಕೆ ಎಣ್ಣೆ ಸವರಿ, ಒಂದನ್ನು ಹಾಗೇ ಇಡಿ. ನಡುವೆ ಗಾಜು, ಪ್ಲಾಸ್ಟಿಕ್ ಬೇಡ, ಅವು ನೇರಳಾತೀತವನ್ನು ಕುಡಿದುಬಿಡುತ್ತವೆ. ಮಳೆ ಇಲ್ಲದ ಒಣ ದಿನ ನೋಡಿಕೊಳ್ಳಿ, ತೇವದಲ್ಲಿ ಸಕ್ಕರೆಯ ಕಿಡಿಯೂ ಮಂಕು.

ಎಂಎಸ್ಸಿ ಎರಡನೇ ವರ್ಷ, ಮೈಸೂರು
ಬುಧವಾರ ರಾತ್ರಿ 9:40

ಅಕ್ಕ! 355ಕ್ಕೆ ಬದಲಿಸಿದ ತಕ್ಷಣ ಆ ಮೊನೆ 396ಕ್ಕೆ ಓಡಿತು. ಬರೀ ದ್ರವ ಇಟ್ಟರೂ ಇದೆ. ಸೀವ್ ಹಾಕಿದ ಬಾಟಲಿಯಲ್ಲಿ ನೇರಳೆ ಗುಡ್ಡ ಏಪ್ರಿಲ್‌ನಷ್ಟೇ ಸಣ್ಣದಾಗಿದೆ. ನೀರಿನ ಹನಿ ಹಾಕುವುದನ್ನು ನಾಳೆ ಬೆಳಿಗ್ಗೆ ಶುರು ಮಾಡುತ್ತೇನೆ. ಮೈಕ್ರೋಲೀಟರ್ ಸಿರಿಂಜ್ ಎತ್ತಿಟ್ಟುಕೊಂಡಿದ್ದೇನೆ.

ಗದ್ದೆಬಯಲು ಮೇಷ್ಟ್ರು, ಮಂಡ್ಯ
ಶುಕ್ರವಾರ ಸಂಜೆ 7:00

ಇವತ್ತು ಬಿಸಿಲು ಬಿಟ್ಟಿತ್ತು. ಮತ್ತೆ ಸ್ಟೋರ್ ರೂಮಿಗೆ ಹೋದೆವು. ಕಾಗದದ ಪ್ರಯೋಗದಲ್ಲಿ ಮೂವರು ಹೊಳೆಯಿತು ಅಂದರು, ಉಳಿದವರು ಇಲ್ಲ ಅಂದರು. ಹಾಗಾಗಿ ಅದನ್ನು ಖಚಿತವಾಗಿಲ್ಲ ಅಂತಲೇ ನೋಟ್‌ಬುಕ್ಕಿನಲ್ಲಿ ಬರೆಸಿದ್ದೇನೆ. ಕಲಸಿದ ಸಕ್ಕರೆಯನ್ನು ಈ ಸಲ ಪೊಟ್ಟಣ ಕಟ್ಟಿ, ಎಣಿಸಿ ಕೊಟ್ಟು, ಎಣಿಸಿ ವಾಪಸ್ ತೆಗೆದುಕೊಂಡೆ. ಮೊದಲ ದಿನ ಏನೂ ಕಾಣಲಿಲ್ಲ ಅಂದಿದ್ದ ಹುಡುಗಿ ಇವತ್ತು ಗಾಜಿನ ಹತ್ತಿರವೇ ಕೂತು ಎಣಿಸಿದಳು. ಹದಿಮೂರು ಸಲ ನೀಲಿ ಕಂಡಿತು ಸಾರ್ ಅಂದಳು.